ಹರಿಗೋಲು ಹತ್ತಿದ ಬೂಟುಗಳು

ಮಲಪನಗುಡಿಯಾಚೆಯ ಬಯಲಿನಲ್ಲಿ ಹಾಕಿದ್ದ ದಂಡಿನ ಶಿಬಿರದಲ್ಲಿ ದಿನದ ಮೊದಲ ಏಟು ಕಹಳೆಗಿಂತ ಮುಂಚೆ ಬೀಳುತ್ತಿತ್ತು. ತಟ್ಟಿ ಗೋಡೆಯ ಉದ್ದನೆಯ ಷೆಡ್ಡಿನಲ್ಲಿ ಮಲಗಿದವರ ಅಂಗಾಲುಗಳು ಸಾಲಾಗಿ ಹೊರಚಾಚಿರುತ್ತಿದ್ದವು. ಹವಾಲ್ದಾರ್ ಗಾದಿಲಿಂಗಪ್ಪ ಬೆತ್ತ ಹಿಡಿದು ಆ ಸಾಲಿನ ಗುಂಟ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದು ಹೋಗುತ್ತಿದ್ದ. ಆಮೇಲೆ ಕಹಳೆಯವನು ಊದುತ್ತಿದ್ದ. ಅಷ್ಟರಲ್ಲಿ ಎಬ್ಬಿಸಲು ಯಾರೂ ಉಳಿದಿರುತ್ತಿರಲಿಲ್ಲ.

ಹದಿನಾಲ್ಕು ವಾರಗಳ ಕವಾಯತಿನಲ್ಲಿ ಹದಿಮೂರು ಮುಗಿದಿದ್ದವು. ಇನ್ನೊಂದು ವಾರ ಯಾರ ಮೇಲೂ ಕೈ ಎತ್ತದೆ ಇದ್ದರೆ ಮೂಕಪ್ಪ ಗೆದ್ದಂತೆ.

ಅವನು ಕಂಪ್ಲಿಯ ಅಂಬಿಗ. ಹೊಳೆಯ ಘಾಟಿನಲ್ಲಿ ಹರಿಗೋಲು ಹಾಕುತ್ತಿದ್ದವನು. ಕಳೆದ ಬೇಸಿಗೆಯಲ್ಲಿ ಘಾಟಿನ ಗುತ್ತಿಗೆದಾರನ ಜವಾನ ಅವನ ತಾಯಿ ನಿಂಗಕ್ಕನ ಮೀನಿನ ಬುಟ್ಟಿಯನ್ನು ಕಾಲಿನಿಂದ ಒದ್ದಿದ್ದ. ಮೂಕಪ್ಪ ಹರಿಗೋಲಿನ ಹುಟ್ಟಿನಿಂದ ಹೊಡೆದ ಹೊಡೆತಕ್ಕೆ ಜವಾನನ ದವಡೆ ಎರಡು ತುಂಡಾಯಿತು. ಯುದ್ಧದ ಕಾಲ, ದಂಡಿಗೆ ಆಳು ಸಾಲದು. ಹೊಸಪೇಟೆಯ ಮ್ಯಾಜಿಸ್ಟ್ರೇಟರು ಸುತ್ತುಬಳಸದೆ ಹೇಳಿದ್ದರು: ದಂಡಿಗೆ ಸೇರು, ಕೇಸು ಹಾಗೇ ಕಟ್ಟಿಡುತ್ತೇನೆ, ಕವಾಯತು ಮುಗಿಯುವುದರೊಳಗೆ ಅಲ್ಲಿ ಒಂದು ಸಲ ಕೈ ಎತ್ತಿದೆ ಅಂತ ಕಾಗದ ಬಂದರೆ ಆ ಕೇಸು, ಈ ಕೇಸು ಎರಡೂ ಸೇರಿ ಬಳ್ಳಾರಿ ಜೈಲು.

ಹೊರಡುವ ದಿನ ನಿಂಗಕ್ಕ ಅಳಲಿಲ್ಲ. "ನಿನ್ನ ಬಾಯಿ ಚಲೋದೈತಿ, ಕೈ ಕೆಟ್ಟದೈತಿ," ಎಂದಳು. "ಕೈ ಉಡದಾರಕ್ಕ ಕಟ್ಕೊಂಡಿರು."

ಅವನು ಹಾಗೆಯೇ ಇದ್ದ. ಹವಾಲ್ದಾರನ ಬೆತ್ತ ಬೆನ್ನಿಗೆ ಬಿದ್ದಾಗ ಎರಡು ಕೈಗಳನ್ನೂ ಚಡ್ಡಿಯ ಹೊಲಿಗೆಗೆ ಒತ್ತಿ ಹಿಡಿಯುತ್ತಿದ್ದ. ಉಗುರು ನೆಟ್ಟು ನೆಟ್ಟು ತೊಡೆಯ ಮೇಲೆ ಎಂಟು ಗಾಯಗಳು ಸಾಲಾಗಿ ಕಪ್ಪುಗಟ್ಟಿದ್ದವು.

ಪಕ್ಕದ ಚಾಪೆಯವನು ಜಂಬಯ್ಯ. ಸಂಡೂರಿನ ದೋಣಿಮಲೈ ಗುಡ್ಡದ ಬುಡದವನು. ಹುಟ್ಟಿದಾಗಿನಿಂದ ಬರಿಗಾಲಲ್ಲಿ ಗುಡ್ಡ ಹತ್ತಿಳಿದವನಿಗೆ ಬೂಟು ಮೊದಲ ವಾರವೇ ಹಿಮ್ಮಡಿಯ ಚರ್ಮ ಸುಲಿದಿತ್ತು. ಮೂಕಪ್ಪ ಜಾಲಿಮುಳ್ಳಿನಿಂದ ಅವನ ಬೊಬ್ಬೆಗಳನ್ನು ಚುಚ್ಚಿ ನೀರು ತೆಗೆಯುತ್ತಿದ್ದ. ಜಂಬಯ್ಯ ನೋವಿಗೆ ಹಲ್ಲು ಕಚ್ಚಿಕೊಂಡೇ ನಗುತ್ತಿದ್ದ.

"ನಮ್ಮಪ್ಪ ಲಾಳ ಕಟ್ಟಿಸುವಾಗ ಎತ್ತು ಯಾಕ ಹಂಗ ಒದಿತಿತ್ತು ಅಂತ ಈಗ ತಿಳೀತು ನೋಡಲೇ ಮೂಕ."

"ಎತ್ತಿಗಾದ್ರ ಒದಿಯಾಕ ಬರ್ತೈತಿ. ನೀ ಸುಮ್ನ ಕುಂದ್ರು."

ಬೂಟು ಈ ಶಿಬಿರದ ದೇವರು. ಅಟ್ಟೆಗೆ ಕಬ್ಬಿಣದ ಮೊಳೆಗಳ ಸಾಲು, ಹಿಮ್ಮಡಿಗೆ ಕಬ್ಬಿಣದ ಪಟ್ಟಿ. ದಿನಾ ಸಂಜೆ ಅಂಗಾಲು ಮೇಲೆತ್ತಿ ತೋರಿಸಬೇಕು. ಹವಾಲ್ದಾರ ಒಂದೊಂದೇ ಮೊಳೆಯನ್ನು ಬೆತ್ತದ ತುದಿಯಿಂದ ಮುಟ್ಟಿ ನೋಡುತ್ತಿದ್ದ. ಒಂದು ಬಿದ್ದಿದ್ದರೆ ಅವತ್ತು ಊಟವಿಲ್ಲ. ಅಪ್ಪಣೆಯಿಲ್ಲದೆ ಬೂಟು ಬಿಚ್ಚಿದವನು ಬೆನ್ನ ಮೇಲೆ ಮರಳಿನ ಮೂಟೆ ಹೊತ್ತು ಬಿಸಿಲು ಇಳಿಯುವವರೆಗೆ ಓಡಬೇಕು. ಗಾದಿಲಿಂಗಪ್ಪ ಕುರುಗೋಡಿನ ಕಡೆಯವನು, ಹಿಂದಿನ ಯುದ್ಧದಲ್ಲಿ ಸಮುದ್ರದಾಚೆಯ ಬಸ್ರಾಕ್ಕೆ ಹೋಗಿ ಎಡಗೈಯ ಎರಡು ಬೆರಳು ಕಳೆದುಕೊಂಡು ಬಂದವನು. "ಬಸ್ರಾದಾಗ ನನ್ನ ಜೋಡಿ ಹೋದವ್ರು ನಲ್ವತ್ತು ಮಂದಿ," ಎನ್ನುತ್ತಿದ್ದ. "ತಿರುಗಿ ಬಂದವ್ರು ಆರು. ಆ ಆರೂ ಮಂದಿ ಹೊಡೆತ ತಿಂದೋರಾ. ಉಳಿದೋರ್ನ ಅವರ ಹವಾಲ್ದಾರ ಮುದ್ದು ಮಾಡಿದ್ದ." ಅದನ್ನು ಅವನು ನಂಬಿದ್ದ. ಹೊಡೆಯುವಾಗ ಅವನ ಮುಖದಲ್ಲಿ ಸಿಟ್ಟು ಇರುತ್ತಿರಲಿಲ್ಲ, ಸೌದೆ ಒಡೆಯುವವನ ಮುಖದಲ್ಲಿರುವಂತೆ ಬರೀ ಬೆವರು ಇರುತ್ತಿತ್ತು.

ಕೈ ಎತ್ತಿದರೆ ಏನಾಗುತ್ತದೆ ಎಂಬುದನ್ನು ಆರನೇ ವಾರ ಎಲ್ಲರೂ ನೋಡಿದ್ದರು. ಮೈಲಾರಲಿಂಗಪ್ಪ ಎಂಬ ದೊಡ್ಡ ಆಳು, ಭೇದಿ ಹತ್ತಿ ಮೂರು ದಿನ ಆಗಿತ್ತು, ಓಟದ ನಡುವೆ ಕುಸಿದ. ಹವಾಲ್ದಾರ ಪಕ್ಕೆಗೆ ಒದ್ದ. ಎರಡನೇ ಒದೆಗೆ ಮೈಲಾರಲಿಂಗಪ್ಪ ಆ ಬೂಟನ್ನೇ ಎರಡು ಕೈಯಲ್ಲಿ ಹಿಡಿದು ತಿರುವಿದ. ಹವಾಲ್ದಾರ ಮಣ್ಣಿಗೆ ಬಿದ್ದ. ಅಷ್ಟೇ ಆದದ್ದು. ಮೈಲಾರಲಿಂಗಪ್ಪನನ್ನು ಜಾಲಿಮರಕ್ಕೆ ಕಟ್ಟಿ ಹವಾಲ್ದಾರನ ಕೈಕೆಳಗಿನ ನಾಲ್ವರು ನಾಯಕರು ಸರದಿಯ ಮೇಲೆ ಹೊಡೆದರು. ಕಂಪನಿಯೆಲ್ಲ ನೆಟ್ಟಗೆ ನಿಂತು ನೋಡಬೇಕಾಯಿತು. ಮಧ್ಯಾಹ್ನದ ಹೊತ್ತಿಗೆ ಕಿವಿಯಿಂದ ರಕ್ತ ಇಳಿದು ಹೆಗಲ ಮೇಲೆ ಒಣಗಿತ್ತು, ನೊಣ ಕೂತಿದ್ದವು. ಮರುದಿನ ಲಾರಿಗೆ ಎತ್ತಿ ಹಾಕಿದರು. ಒಂದು ವರ್ಷದ ಶಿಕ್ಷೆಯಂತೆ. ಆ ಕಿವಿ ಮತ್ತೆ ಕೇಳಿಸಲಿಲ್ಲವಂತೆ.

ಹದಿಮೂರನೇ ವಾರದ ಕೊನೆಯಲ್ಲಿ ಜಂಬಯ್ಯನ ಬಲಬೂಟಿನ ಒಂದು ಮೊಳೆ ಬಿತ್ತು.

ಹವಾಲ್ದಾರ ಅವನನ್ನು ಹೊಡೆಯಲಿಲ್ಲ. ಸಾಲಿನಿಂದ ಮೂಕಪ್ಪನನ್ನು ಹೊರಗೆ ಕರೆದ.

"ಇವ ನಿನ್ನ ದೋಸ್ತ ಹೌದಿಲ್ಲೋ?"

"ಹೌದು ಸಾಬ್."

"ಹಂಗಾದ್ರ ನೀನ ಬುದ್ಧಿ ಹೇಳು. ಕಪಾಳಕ್ಕ. ನಾ ಸಾಕು ಅನ್ನೋತನ. ಕೈ ಹಗುರಾತೋ, ಇಬ್ರಿಗೂ ಊಟ ಇಲ್ಲ, ಇಬ್ರ ಬೆನ್ನಿಗೂ ಮೂಟಿ."

ಮೂಕಪ್ಪ ಹೊಡೆದ. ಮೊದಲ ಏಟು ಹಗುರವಾಯಿತೆಂದು ಅವನ ಬೆನ್ನಿಗೇ ಬೆತ್ತ ಬಿತ್ತು. ಆಮೇಲೆ ಹಗುರವಾಗಲಿಲ್ಲ. ಜಂಬಯ್ಯನ ತುಟಿ ಹಲ್ಲಿಗೆ ತಗುಲಿ ಸೀಳಿತು, ಒಂದು ಕಣ್ಣು ಮುಚ್ಚಿತು. ಹದಿಮೂರು ವಾರ ಕಟ್ಟಿಟ್ಟಿದ್ದ ಕೈ ಹೊಡೆಯಲು ಅಪ್ಪಣೆ ಸಿಕ್ಕ ಕೂಡಲೇ ಎಷ್ಟು ಸಲೀಸಾಗಿ ಎದ್ದಿತೆಂದು ಮೂಕಪ್ಪನಿಗೆ ಗೊತ್ತಾಯಿತು.

ರಾತ್ರಿ ಊಟಕ್ಕೆ ಕೂತಾಗ ಜಂಬಯ್ಯ ಅನ್ನವನ್ನು ಒಂದು ಕಡೆಯ ದವಡೆಯಲ್ಲೇ ಜಗಿಯುತ್ತಿದ್ದ.

"ಸಿಟ್ಟೇನೋ?" ಎಂದ ಮೂಕಪ್ಪ.

"ನಿನ್ನ ಮ್ಯಾಲೇನ ಸಿಟ್ಟು. ಲಗ್ನ ಆದ ಮ್ಯಾಲೆ ಹೆಂಡ್ತಿ ಹೊಡಿದ್ರ ಹೆಂಗ ತಡ್ಕೋಬೇಕು ಅಂತ ಕಲಿಸಿದಿ. ಉಪ್ಪು ಇತ್ತ ಕೊಡು." ಉಪ್ಪು ಕಲಸಿಕೊಳ್ಳುತ್ತ ಕೇಳಿದ: "ನಾಳೆ ಹೊಳಿ ದಾಟಬೇಕಂತಲ್ಲೋ. ಎಷ್ಟು ಆಳ ಇರ್ತೈತಿ?"

"ನೀ ಆಳ ಯಾಕ ಕೇಳ್ತಿ? ನಾ ಹಾಕ್ತೀನಿ ಹರಿಗೋಲು. ನನ್ನ ಮೊಣಕಾಲ ಹತ್ರ ಕುಂದ್ರು, ಆಚಿ ದಡಕ್ಕ ಇಳಿಯೋತನ ಏಳಬ್ಯಾಡ."

ಭಾದ್ರಪದದ ಹೊಳೆ. ಮಹಾಪೂರ ಇಳಿದಿತ್ತು, ಸೆಳವು ಇಳಿದಿರಲಿಲ್ಲ. ಹಂಪೆಯ ಕೆಳಗೆ ತಳವಾರಘಟ್ಟದಲ್ಲಿ ನೀರು ಕೆಂಪಗೆ, ಬಂಡೆಗಳ ನಡುವೆ ತಿರುಗಿ ತಿರುಗಿ ಹರಿಯುತ್ತಿತ್ತು. ಆಚೆಯ ದಡ ನಿಜಾಮನ ಸೀಮೆ. ಕಂಪನಿ ಬೆಳಗ್ಗೆಯೇ ನಡೆದು ಬಂದು ದಡದಲ್ಲಿ ಸಾಲುಗಟ್ಟಿತು. ಎಲ್ಲರ ಬೆನ್ನಿಗೆ ಹೊರೆ, ಹೆಗಲಿಗೆ ರೈಫಲ್ಲು, ಕಾಲಿಗೆ ಬೂಟು. ಕ್ಯಾಪ್ಟನ್ ಸಾಹೇಬ ಇಂಗ್ಲಿಷರವನು, ಬರ್ಮಾದಿಂದ ಹಿಂದೆ ಸರಿದು ಬಂದವನು. ಅಲ್ಲಿ ಹೊಳೆ ದಾಟಲಾರದೆ ಸತ್ತವರನ್ನು ಕಂಡಿದ್ದ. ಪೂರಾ ಸಾಮಾನಿನೊಂದಿಗೆ ದಾಟುವುದನ್ನು ಕಲಿಸದೆ ಯಾರನ್ನೂ ರೈಲು ಹತ್ತಿಸುವುದಿಲ್ಲ ಎಂದಿದ್ದ. ಅವನ ಮಾತನ್ನು ಕನ್ನಡಕ್ಕೆ ತಿರುಗಿಸುತ್ತಿದ್ದವನು ಕ್ಲಾರ್ಕ್ ಕಮಲಾಕರರಾವ್, ಹೊಸಪೇಟೆಯ ವೈಷ್ಣವರ ಮನೆಯವನು, ಹಣೆಯಲ್ಲಿ ಅಂಗಾರಕ್ಷತೆಯ ಕಪ್ಪು ಗೆರೆ.

ಘಾಟಿನ ಮುದುಕ ಭರಮಣ್ಣನ ಮೂರು ಹರಿಗೋಲುಗಳನ್ನು ದಂಡು ಹಿಡಿದಿಟ್ಟುಕೊಂಡಿತ್ತು. ಬಿದಿರ ದಬ್ಬೆಯ ದೊಡ್ಡ ಬುಟ್ಟಿ, ಹೊರಗೆ ಎಮ್ಮೆಯ ಚರ್ಮ ಬಿಗಿದು ಡಾಂಬರು ಬಳಿದದ್ದು. ಯಾರಿಗೆ ಹಾಕಲು ಬರುತ್ತದೆ ಎಂದು ಕೇಳಿದಾಗ ಮೂಕಪ್ಪ ಮುಂದೆ ಬಂದ. ಹರಿಗೋಲಿನ ಅಂಚು ಮುಟ್ಟಿ ಕಣ್ಣಿಗೊತ್ತಿಕೊಂಡ. ಹದಿಮೂರು ವಾರಗಳಲ್ಲಿ ಅವನಿಗೆ ಗೊತ್ತಿದ್ದ ಒಂದು ವಸ್ತು ಕೈಗೆ ಸಿಕ್ಕಿದ್ದು ಆಗಲೇ. ಕೂತು ತನ್ನ ಬೂಟಿನ ಲಾಡಿ ಬಿಚ್ಚತೊಡಗಿದ.

"ಏನ್ ಮಾಡಾಕತ್ತೀಯಲೇ?" ಹವಾಲ್ದಾರನ ಬೆತ್ತ ಮಣಿಕಟ್ಟಿನ ಮೇಲೆ ಬಿತ್ತು.

"ಬೂಟು ಬಿಚ್ಚಬೇಕು ಸಾಬ್. ಎಲ್ರೂ ಬಿಚ್ಚಬೇಕು."

"ಯಾರು ಹೇಳಿದ್ರು?"

ಮೂಕಪ್ಪ ಎದ್ದು ನಿಂತು ಕ್ಲಾರ್ಕನ ಕಡೆ ತಿರುಗಿದ. "ರಾಯರ, ಸಾಹೇಬರಿಗೆ ಹೇಳ್ರಿ. ಮೆಟ್ಟಿನ ಕಾಲು ಹರಿಗೋಲಾಗ ಇಡಂಗಿಲ್ಲ. ಗಂಗವ್ವ ಮುನೀತಾಳ."

ಕಮಲಾಕರರಾಯನಿಗೆ ಈ ಮಾತಿನಲ್ಲಿ ವಿಚಿತ್ರವೇನೂ ಕಾಣಲಿಲ್ಲ; ಇದ್ದ ಹಾಗೇ ತಿರುಗಿಸಿ ಹೇಳಿದ. ಕ್ಯಾಪ್ಟನ್ನು ಕಣ್ಣು ಮುಚ್ಚಿ ತೆರೆದ. ಈ ಮೂರು ತಿಂಗಳಲ್ಲಿ ಒಬ್ಬ ಜುಟ್ಟು ಕತ್ತರಿಸಬಾರದು ಅಂದಿದ್ದ, ಒಬ್ಬ ಚರ್ಮದ ಚೀಲದ ನೀರು ಕುಡಿಯುವುದಿಲ್ಲ ಅಂದಿದ್ದ, ಇನ್ನೊಬ್ಬ ಅಮಾವಾಸ್ಯೆಯ ದಿನ ಗುಂಡು ಹಾರಿಸುವುದಿಲ್ಲ ಅಂದಿದ್ದ. ಎಲ್ಲರೂ ದೇವರ ಹೆಸರೇ ಹೇಳಿದ್ದರು, ಹೊಡೆತ ಬಿದ್ದ ಮೇಲೆ ಎಲ್ಲವನ್ನೂ ಮಾಡಿದ್ದರು. ದಂಡಿನಲ್ಲಿ ಯಾರ ದೇವರಿಗೂ ರಜೆ ಕೊಡುವ ಅಧಿಕಾರವಿಲ್ಲ ಎಂದು ಹೇಳು ಅಂದ.

ಮುದುಕ ಭರಮಣ್ಣ ಅಡ್ಡ ಬಂದ. "ಎಪ್ಪಾ, ಕೈ ಮುಗೀತೀನಿ, ಹುಡುಗ ಹೇಳಿದ್ದು ಖರೇ ಐತಿ. ಅಮಲ್ದಾರ್ರೂ ಬಿಚ್ಚಿ ಕೈಯಾಗ ಹಿಡ್ಕೊಂಡು ಹತ್ತತಾರ. ಗಂಗವ್ವ ಭಾಳ ಸಿಟ್ಟಿನಾಕಿ." ಒಬ್ಬ ನಾಯಕ ಅವನ ಎದೆಗೆ ಕೈಯಿಟ್ಟು ನೂಕಿದ, ಮುದುಕ ಕಲ್ಲಿನ ಮೇಲೆ ಅಂಗಾತ ಬಿದ್ದ.

ಮೊಳೆ ದಬ್ಬೆಯ ಸಂದಿನಲ್ಲಿ ತೂರಿದರೆ ಚರ್ಮ ಹರಿಯುತ್ತದೆ. ಹೇಳಬೇಕಾಗಿದ್ದದ್ದು ಇಷ್ಟೇ. ಇಬ್ಬರಲ್ಲಿ ಒಬ್ಬನೂ ಅದನ್ನು ಹೇಳಲಿಲ್ಲ. ಅಜ್ಜ ಅಪ್ಪನಿಗೆ, ಅಪ್ಪ ಮಗನಿಗೆ ಹೇಳಿಕೊಟ್ಟಿದ್ದು ಗಂಗವ್ವನ ಮಾತು. ಹೊಳೆಯ ಎರಡೂ ದಡಗಳಲ್ಲಿ ಅದನ್ನು ಕೇಳಿ ಬೂಟು ಬಿಚ್ಚದವನನ್ನು ಅವರು ಕಂಡಿರಲಿಲ್ಲ. ಅದಕ್ಕಿಂತ ದೊಡ್ಡ ಕಾರಣ ಬೇಕಾದೀತೆಂದು ಅವರಿಗೆ ತೋಚಲೇ ಇಲ್ಲ.

ಹವಾಲ್ದಾರ ಬೆತ್ತ ತಿರುವಿ ಹಿಡಿದು ಅದರ ದಪ್ಪ ಹಿಡಿಯಿಂದ ಮೂಕಪ್ಪನ ಹೊಟ್ಟೆಗೆ ತಿವಿದ. ಬಾಗಿದವನ ಕುತ್ತಿಗೆಗೆ ಎರಡು, ಮೊಣಕಾಲಿಗೆ ಒಂದು. ಮೂಕಪ್ಪನ ಕೈಗಳು ಚಡ್ಡಿಯ ಹೊಲಿಗೆಗೆ ಹೋದವು. "ಸಾಹೇಬ್ರ ಮುಂದ ನನ್ನ ಮಾನ ಕಳಿತೀಯೇನಲೇ, ಮೀನು ತಿನ್ನೋನ? ಲಾಡಿ ಕಟ್ಟು. ಹತ್ತು."

ಅವನು ಲಾಡಿ ಕಟ್ಟಿದ, ಹತ್ತಿದ.

ಮೂಕಪ್ಪನಲ್ಲದೆ ಎಂಟು ಮಂದಿ ಹೊಸಬರು, ಒಂಬತ್ತನೆಯವನು ಹವಾಲ್ದಾರ. ಜಂಬಯ್ಯ ನಿನ್ನೆಯ ಮಾತಿನಂತೆ ಮೂಕಪ್ಪನ ಮೊಣಕಾಲಿಗೆ ಒತ್ತಿಕೊಂಡು ಕೂತ, ಬಾತುಹೋದ ಕಣ್ಣನ್ನೂ ಒಳ್ಳೆಯ ಕಣ್ಣನ್ನೂ ಮುಚ್ಚಿಕೊಂಡ. ಹವಾಲ್ದಾರ ಕೂಡಲಿಲ್ಲ. ದಡದಲ್ಲಿ ಕ್ಯಾಪ್ಟನ್ನು ದುರ್ಬೀನು ಹಿಡಿದಿದ್ದ. ಅವನಿಗೆ ತಾನು ಕಾಣಬೇಕೆಂದು ಹವಾಲ್ದಾರ ನಡುವೆ ನಿಂತೇ ಇದ್ದ.

"ಕುಂದ್ರಿ ಸಾಬ್."

"ನೀ ಹುಟ್ಟು ಹಾಕು."

ನಡುಹೊಳೆಯಲ್ಲಿ ಸೆಳವು ಸಿಕ್ಕಿತು. ಹರಿಗೋಲು ತಿರುಗತೊಡಗಿತು, ಒಮ್ಮೆ ಹಂಪೆ, ಒಮ್ಮೆ ಆಚೆ ದಡದ ಆನೆಗೊಂದಿ, ಮತ್ತೆ ಹಂಪೆ.

"ಸೀದಾ ಹೋಗಲೇ, ಸೀದಾ!"

"ಇದು ಸೀದಾ ಹೋಗಂಗಿಲ್ಲ ಸಾಬ್. ತಿರುಗಿಕೋಂತನ ದಾಟತೈತಿ. ನೀವು ಕುಂದ್ರಿ!"

ಹವಾಲ್ದಾರನಿಗೆ ತಲೆ ಸುತ್ತಿರಬೇಕು. ಮೂಕಪ್ಪನ ಹೆಗಲಿಗೆ ಒದ್ದ. ಒದ್ದ ಕಾಲನ್ನು ಹಿಂದಕ್ಕೆ ಎಳೆದಾಗ ಜೋಲಿ ತಪ್ಪಿತು, ನೆಟ್ಟಗಾಗಲು ಹಿಮ್ಮಡಿಯನ್ನು ಬಲವಾಗಿ ಊರಿದ. ಡೊಳ್ಳಿನ ಚರ್ಮ ಹರಿದಂಥ ಸದ್ದು. ದಬ್ಬೆಗಳ ನಡುವಿನಿಂದ ಕೆಂಪು ನೀರು ಮೊಳದುದ್ದ ಚಿಮ್ಮಿತು.

"ಕುಂದ್ರಿ! ಯಾರೂ ಏಳಬ್ಯಾಡ್ರಿ!" ಮೂಕಪ್ಪ ಕೂಗಿದ. ಎಲ್ಲರೂ ಎದ್ದರು. ಏಳುವಾಗ ಹದಿನಾರು ಬೂಟುಗಳು ಉಳಿದ ಚರ್ಮವನ್ನೂ ಸೀಳಿದವು. ಒಬ್ಬ ಇನ್ನೊಬ್ಬನ ಮುಖದ ಮೇಲೆ ಮೊಣಕೈ ಊರಿ ಹತ್ತಿದ, ಒಬ್ಬನ ರೈಫಲ್ಲಿನ ಹಿಡಿ ಇನ್ನೊಬ್ಬನ ಹಲ್ಲು ಮುರಿಯಿತು. ಹರಿಗೋಲು ಮಗುಚಿತು.

ಮೂಕಪ್ಪ ಮೇಲೆ ಬಂದಾಗ ಹುಟ್ಟು ಕೈಯಲ್ಲೇ ಇತ್ತು. ಮಗುಚಿದ ಬುಟ್ಟಿ ತೇಲುತ್ತಿತ್ತು, ಏಳು ಮಂದಿ ಅದರ ಬಿದಿರಿಗೆ ಜೋತುಬಿದ್ದು ಬೊಬ್ಬೆ ಹೊಡೆಯುತ್ತಿದ್ದರು. ಎಡಗಡೆ, ಎರಡು ಮಾರು ದೂರದಲ್ಲಿ, ಜಂಬಯ್ಯನ ತಲೆ. ಬಾಯಿ ತೆರೆದಿತ್ತು, ಸದ್ದಿರಲಿಲ್ಲ, ಎರಡು ಕೈಗಳು ನೀರನ್ನು ಬಡಿಯುತ್ತಿದ್ದವು. ಅವನ ಕಡೆ ತಿರುಗುವಷ್ಟರಲ್ಲಿ ಹಿಂದಿನಿಂದ ಯಾರೋ ಕುತ್ತಿಗೆಗೆ ಬಿಗಿದರು. ಮೂರೇ ಬೆರಳಿನ ಎಡಗೈ ಗಂಟಲಿನ ಮೇಲೆ. ಹವಾಲ್ದಾರ.

ಇಬ್ಬರೂ ಮುಳುಗಿದರು. ಮುಳುಗುವವನ ಹಿಡಿತ ಬಿಡಿಸಲು ಬರುವುದಿಲ್ಲ, ಅಂಬಿಗರಿಗೆಲ್ಲ ಗೊತ್ತು. ಅವನಿಗೆ ಹೊಡೆಯಬೇಕು, ಕಿವಿಯ ಹಿಂದೆ, ಎಚ್ಚರ ತಪ್ಪುವಷ್ಟು. ಆಮೇಲೆ ಜುಟ್ಟು ಹಿಡಿದು ಎಳೆಯಬೇಕು. ಮೂಕಪ್ಪ ಇದನ್ನು ಬದುಕಿನಲ್ಲಿ ನಾಲ್ಕು ಸಲ ಮಾಡಿದ್ದ. ಒದ್ದು ಮೇಲೆ ಬಂದು, ಮೈ ತಿರುವಿ, ಹುಟ್ಟಿನ ಅಲಗಿನಿಂದ ಹವಾಲ್ದಾರನ ಕಿವಿಯ ಹಿಂದೆ ಹೊಡೆದ. ಗಂಟಲಿನ ಕೈ ಸಡಿಲಿತು. ಕಣ್ಣು ಮೇಲಕ್ಕೆ ಸಿಕ್ಕಿಕೊಂಡವು. ತಲೆ ನೀರಿನ ಮೇಲೆ ಹಗುರವಾಗಿ ತೇಲಿತು. ಕೆಲಸ ಮುಗಿದಿತ್ತು.

ಅವನು ಮತ್ತೊಮ್ಮೆ ಹೊಡೆದ.

ಹುಟ್ಟನ್ನು ಎರಡೂ ಕೈಯಲ್ಲಿ ಹಿಡಿದು, ತಲೆಯ ಮೇಲಿನವರೆಗೆ ಎತ್ತಿ, ಮಂಡೆಯ ಹಿಂಭಾಗಕ್ಕೆ. ಬುರುಡೆಯ ಸದ್ದು ಮೊಣಕೈವರೆಗೆ ಬಂತು. ಹಿತವಾಗಿತ್ತು. ಎಡಕ್ಕೆ ತಿರುಗಿದಾಗ ಅಲ್ಲಿ ನೀರು ಇತ್ತು, ಜಂಬಯ್ಯ ಇರಲಿಲ್ಲ.

ಹವಾಲ್ದಾರನ ತಲೆಯಲ್ಲಿ ಹಿಡಿಯಲು ಕೂದಲಿರಲಿಲ್ಲ, ದಂಡಿನ ಕ್ಷೌರ. ಕಾಲರು ಹಿಡಿದು ಬುಟ್ಟಿಯವರೆಗೆ ಎಳೆದು ತಂದು, "ಹಿಡೀರಿ ಇವನ್ನ," ಎಂದು ಬಿದಿರಿಗೆ ನೂಕಿದ. ಬೂಟು ಕಿತ್ತೆಸೆದು ಮುಳುಗಿದ. ಕೆಂಪು ನೀರಿನಲ್ಲಿ ಕಣ್ಣಿಗೆ ತನ್ನ ಕೈಯೇ ಕಾಣಲಿಲ್ಲ. ಐದು ಸಲವೋ ಆರು ಸಲವೋ ಮುಳುಗಿದ. ಕೊನೆಗೆ ಭರಮಣ್ಣ ಇನ್ನೊಂದು ಹರಿಗೋಲಿನಲ್ಲಿ ಬಂದು ಅವನನ್ನೇ ಹಿಡಿದು ಎಳೆದು ಹಾಕಿಕೊಳ್ಳಬೇಕಾಯಿತು.

ಜಂಬಯ್ಯ ಮರುದಿನ ಕೆಳಗಿನ ಬಂಡೆಗಳ ಸಂದಿನಲ್ಲಿ ಸಿಕ್ಕ. ಮೀನುಗಳು ಬಾತ ಕಣ್ಣಿನ ಕಡೆಯಿಂದ ಶುರು ಮಾಡಿದ್ದವು.

ಮೂರನೇ ದಿನ ಡೇರೆಯಲ್ಲಿ ವಿಚಾರಣೆ. ಮೇಜಿನ ಹಿಂದೆ ಕ್ಯಾಪ್ಟನ್ನು, ಪಕ್ಕದಲ್ಲಿ ಬರೆದುಕೊಳ್ಳಲು ಕಮಲಾಕರರಾವ್. ಹವಾಲ್ದಾರನನ್ನು ಸ್ಟೂಲಿನ ಮೇಲೆ ಕೂರಿಸಿದ್ದರು, ತಲೆಗೆಲ್ಲ ಬಟ್ಟೆ. ಅವನ ಮಾತು ತೊದಲುತ್ತಿತ್ತು.

"ಹರಿಗೋಲು ತಿರುಗಿದ್ದು ನೆಪ್ಪೈತಿ," ಎಂದ. "ಆಮ್ಯಾಲಿಂದು ಇಲ್ಲ. ಇವ ಎಳಕೊಂಡು ಬಂದನಂತ. ಮಂದಿ ಹೇಳಿದ್ರು."

ಚರ್ಮ ಹರಿದದ್ದು ಹೇಗೆ ಎಂದು ಕ್ಯಾಪ್ಟನ್ನು ಮೂಕಪ್ಪನನ್ನು ಕೇಳಿದ.

"ಬೂಟಿನ ಮೊಳಿ ದಬ್ಬಿ ಸಂದ್ಯಾಗ ಹೊಕ್ಕೊಂಡು ಹರೀತು ಸಾಬ್."

ಕಮಲಾಕರರಾವ್ ತಿರುಗಿಸಿ ಹೇಳಿದ. ಕ್ಯಾಪ್ಟನ್ನು ಮೆಲ್ಲಗೆ ಏನೋ ಕೇಳಿದ. "ಅವತ್ತು ಹೊಳಿ ದಂಡ್ಯಾಗ ಯಾಕ ಹೇಳಲಿಲ್ಲ ಅಂತ ಕೇಳ್ತಾರ," ಎಂದ ಕಮಲಾಕರರಾವ್, ತಲೆ ಎತ್ತದೆ.

"ಹೇಳಿದ್ನೆಲ್ರಿ ರಾಯರ. ನೀವ ತಿರುಗಿಸಿದ್ರಿ."

ಪೆನ್ನಿನ ಮುಳ್ಳು ಕಾಗದದ ಮೇಲೆ ನಿಂತಲ್ಲೇ ಮಸಿ ಹರಡಿತು. ಆ ಮಾತನ್ನು ಕಮಲಾಕರರಾವ್ ತಿರುಗಿಸಲಿಲ್ಲ.

ಉಳಿದದ್ದು ಒಂದೇ ಪ್ರಶ್ನೆ. ಬುಟ್ಟಿಗೆ ಜೋತುಬಿದ್ದವರಲ್ಲಿ ಒಬ್ಬ ಹುಟ್ಟು ಮೇಲೆದ್ದದ್ದನ್ನು ನೋಡಿದ್ದ. ಡಾಕ್ಟರರ ಕಾಗದದಲ್ಲಿ ಎರಡು ಗಾಯಗಳಿದ್ದವು. ಕಿವಿಯ ಹಿಂದಿನದು ಸಣ್ಣದು. ಮಂಡೆಯದಕ್ಕೆ ಬುರುಡೆ ಬಿರಿದಿತ್ತು. ಮುಳುಗುವವನನ್ನು ಹೊಡೆದು ಉಳಿಸುವ ಪದ್ಧತಿ ಇದೆಯೆಂದು ಮುದುಕ ಅಂಬಿಗ ಹೇಳಿದ್ದಾನೆ, ಆ ಮಾತನ್ನು ಒಪ್ಪಿದ್ದೇವೆ, ಎಂದ ಕ್ಯಾಪ್ಟನ್ನು. ಎರಡನೇ ಗಾಯ ಹೊಳೆಯ ಕಲ್ಲಿಗೆ ಬಡಿದು ಆದದ್ದಿರಬೇಕು, ಅಲ್ಲವೇ? ಹೌದೆಂದರೆ ಕಾಗದ ಇಲ್ಲಿಗೇ ಮುಗಿಯುತ್ತದೆ.

ಕಮಲಾಕರರಾವ್ ಅದನ್ನು ಕನ್ನಡದಲ್ಲಿ ಹೇಳಿ, ಇನ್ನೂ ತಗ್ಗಿದ ದನಿಯಲ್ಲಿ ತನ್ನದೊಂದು ಸೇರಿಸಿದ: "ಹೂಂ ಅಂದುಬಿಡೋ. ನಿನಗೂ ಛಲೋ, ಎಲ್ಲರಿಗೂ ಛಲೋ. ರಜಾದಾಗ ಮನಿಗೆ ಹೋಗಿ ತಾಯಿ ಮುಖ ನೋಡ್ತಿ."

ಮೂಕಪ್ಪ ಹವಾಲ್ದಾರನ ಕಡೆ ನೋಡಿದ. ಬಟ್ಟೆಯ ಕೆಳಗಿನ ಕಣ್ಣುಗಳಿಗೆ ಅವನ ಗುರುತು ಸರಿಯಾಗಿ ಹತ್ತಿದಂತಿರಲಿಲ್ಲ. ಮೇಲಧಿಕಾರಿಯ ತಲೆ ಒಡೆದವನಿಗೆ ಎಷ್ಟು ವರ್ಷ ಜೈಲು ಎಂಬುದು ಮೂಕಪ್ಪನಿಗೆ ಗೊತ್ತಿತ್ತು. ಅದಕ್ಕೆ ಹಳೆಯ ದವಡೆಯ ಕೇಸೂ ಕೂಡುತ್ತದೆ ಎಂಬುದೂ ಗೊತ್ತಿತ್ತು. ಹೂಂ ಅಂದರೆ ಎರಡನೇ ಗಾಯ ಕಲ್ಲಿನದು. ಕಲ್ಲಿನದಾದರೆ ಜಂಬಯ್ಯನನ್ನು ಹೊಳೆ ತಿಂದಿತು ಅಂತ ಆಗುತ್ತದೆ.

"ಕಲ್ಲಲ್ರಿ," ಎಂದ. "ಎರಡೂ ನಾನ ಹೊಡಿದಿದ್ದು. ಮೊದಲ್ನೇದು ಉಳಿಸಾಕ. ಎರಡನೇದು ಹೊಡಿಯಾಕಂತನ ಹೊಡಿದಿದ್ದು."

"ಲೇ, ಇದನ್ನ ಬರೀಲೇನು?"

"ಬರ್ಕೊಳ್ರಿ. ನಾ ಎರಡನೇ ಸಲ ಹುಟ್ಟು ಎತ್ತಿದಾಗ ಜಂಬಯ್ಯ ಇನ್ನಾ ನೀರಿನ ಮ್ಯಾಲಿದ್ದ. ಅದನ್ನೂ ಬರ್ಕೊಳ್ರಿ."

ಅವನು ಏನೆಂದ ಎಂದು ಕ್ಯಾಪ್ಟನ್ನು ಕೇಳಿದ. ಕಮಲಾಕರರಾವ್ ಪೆನ್ನು ಕೆಳಗಿಟ್ಟು ಅಂಗವಸ್ತ್ರದಿಂದ ಮುಖ ಒರೆಸಿಕೊಂಡ. ಈ ಸಲ ಒಂದು ಮಾತನ್ನೂ ಬಿಡದೆ ತಿರುಗಿಸಿ ಹೇಳಿದ.